ಯಾವುದಕ್ಕೆ ಆತು?

ತಾಕತ್ತಿದ್ದರೆ ನಂಬದೆ ಇರಿ ನೋಡೋಣ. ಅರ್ಧ ಹಲ್ಲು ಉದುರಿದ ಮೇಲೆ ನಾನು ಪ್ರೋಗ್ರಾಮಿಂಗ್ ಕಲಿತೆ. ಕುಮಟೆಯ ನನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ, ಸತ್ತ ರೇಡಿಯೋಗಳ ಎಲುಬುಗಳ ನಡುವೆ ಕೂತು, ಸಮುದ್ರಕ್ಕೆ ಹೋದ ದೋಣಿಗಳ ಮಾತು ದಡಕ್ಕೆ ತರುವ ಒಂದು ಆ್ಯಪ್ ಬರೆದೆ. ಇದನ್ನು ಹೇಳಿದರೆ ನನ್ನನ್ನು ಬಲ್ಲವರು ಕಣ್ಣು ಮಿಟುಕಿಸಿ, "ಯಾಣದ ಬಂಡೆ ಒಂದು ಗೇಣು ಬೆಳೆದಿದೆ ಅಂತ ಹೇಳಿ ಜನರ ಕೈಗೆ ಅಳತೆಯ ಟೇಪು ಕೊಟ್ಟು ಕಳಿಸಿದವ ಇವನೇ ಅಲ್ಲವೇ?" ಅನ್ನುತ್ತಾರೆ. ಹೌದು, ನಾನೇ. ಅವರು ಅಳೆದೂ ಬಂದರು. ಅದು ನನ್ನ ಕೀರ್ತಿಯ ಉತ್ತುಂಗ. ಆದರೆ ಆ್ಯಪ್ ಬರೆದದ್ದೂ ನಾನೇ. ಮತ್ತು ಅದರಿಂದಾಗಿ ಇವತ್ತಿಗೂ ಫೋನು ಟಿಣ್ ಅಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಯಾವ ದೋಣಿ ಅಂತ ನೋಡುತ್ತೇನೆ.

ನ್ಯಾಯವಾಗಿ ಹೇಳಬೇಕಾದರೆ, ಬರೆದದ್ದು ನಾವಿಬ್ಬರು. ಇನ್ನೊಬ್ಬಳು ನನ್ನ ತಮ್ಮನ ಮಗಳು ಸುಮಂಗಲಾ. ಅಂಗಡಿಯ ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಅಘನಾಶಿನಿಯ ಕೆಲವು ದೋಣಿಯವರಿಗಾಗಿ ಮಾಡಿದ ಆ್ಯಪ್ ಅದು. ದಡದವರು ಕೇಳುತ್ತಾರೆ, ದೋಣಿಯವರು ಸಿಗ್ನಲ್ ಸಿಕ್ಕಾಗ ಉತ್ತರಿಸುತ್ತಾರೆ. ಗಾಳಿಯ ಮುನ್ಸೂಚನೆ ಬಂದರೆ ಆ್ಯಪ್ ತಾನೇ ಎಚ್ಚರಿಕೆ ಕಳಿಸುತ್ತದೆ. ನಡೆದದ್ದೆಲ್ಲ ಲಾಗ್ ಎಂಬ ಕಡತಕ್ಕೆ ಹೋಗಿ ಬೀಳುತ್ತದೆ. ಲಾಗ್ ಎಂದರೆ ಪ್ರೋಗ್ರಾಮು ತನ್ನ ಬಗ್ಗೆ ತಾನೇ ಗೊಣಗಿಕೊಳ್ಳುವುದು, ನನ್ನ ಹಾಗೆ. ಈಗ ಇಂಥದ್ದು ಬಂತು, ಈಗ ಇಂಥದ್ದು ಕೆಟ್ಟಿತು.

ಜಗಳ ಹುಟ್ಟಿದ್ದೇ ಈ ಗೊಣಗಾಟದ ವಿಷಯಕ್ಕೆ. ನಾನು ಒಂದೊಂದು ಘಟನೆಗೆ ಒಂದೊಂದು ಗೆರೆ ಬರೆಸುತ್ತಿದ್ದೆ. ಗಂಟೆ, ದೋಣಿ, ಮಾತು ಎಲ್ಲ ಒಂದೇ ಉಸಿರಿಗೆ.

"ದೊಡ್ಡಪ್ಪಾ, ಇದು ಬರೀ ಗೆರೆ. ನಮಗೆ ವಸ್ತು ಬೇಕು, ಆಬ್ಜೆಕ್ಟ್" ಅಂದಳು ಸುಮಂಗಲಾ.

"ಗೆರೆಗೆ ಎಂತಕ್ಕೆ ಮಾರಾಯ್ತಿ ಕೈಕಾಲು? ಓಡಿಹೋಗೂಕಾ?"

ಅವಳು ನನ್ನ ಎಲೆಯಡಿಕೆ ಕವಳದ ಸಂಚಿ ಎತ್ತಿಕೊಂಡಳು. "ಇದ್ರಲ್ಲಿ ಎಲೆಗೆ ಒಂದು ಜೇಬು, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು. ಸುಣ್ಣ ಬೇಕಂದ್ರೆ ಕಣ್ಣು ಮುಚ್ಚಿ ತೆಗೀತ್ರಿ. ಅದು ಆಬ್ಜೆಕ್ಟು. ನೀವು ಬರ್ದಿದ್ದು ಎಂತ ಗೊತ್ತಾ? ಜಗ್ದ ಕವಳ. ಅದ್ರಿಂದ ಸುಣ್ಣ ಬೇರೆ ಮಾಡಿ ಕೊಡಿ, ಕಾಂಬ."

ಹೋಲಿಕೆ ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ ನಾನು ಒಪ್ಪಲಿಲ್ಲ. ಇನ್ನೊಬ್ಬರ ಹೋಲಿಕೆಗೆ ಸೋಲುವುದು ನಮ್ಮ ಕುಲಕ್ಕೆ ಅವಮಾನ. ಅವಳ ಲೆಕ್ಕದಲ್ಲಿ ಪ್ರತಿ ನಮೂದಿಗೂ ಜೇಬುಗಳಿರಬೇಕಿತ್ತು: ಯಾವಾಗ ಆಯಿತು, ಯಾರು ಹೇಳಿದರು, ಎಷ್ಟು ಗಂಭೀರ, ಯಾವ ಪ್ರಶ್ನೆಗೆ ಉತ್ತರ. ಅದಲ್ಲದೆ ಒಮ್ಮೆ ಹುಟ್ಟಿದ ನಮೂದನ್ನು ಯಾರೂ ತಿದ್ದುವಂತಿಲ್ಲವಂತೆ. ಅಸಲು ಸಂಕಟ ನನಗೆ ಅಲ್ಲೇ. ಗೆರೆಗಳ ನಡುವೆ "ಬಂಗುಡೆಗಳು ಇಂದು ಮುಷ್ಕರ ಹೂಡಿವೆ" ಅಂತ ತುರುಕಿ, ಅವಳು ಅದರ ಮೂಲ ಹುಡುಕುತ್ತ ಪ್ರೋಗ್ರಾಮನ್ನೆಲ್ಲ ಕೆದಕುವುದನ್ನು ನೋಡುವ ಸುಖ ತಪ್ಪಿಹೋಗುತ್ತಿತ್ತು. ಆದ್ದರಿಂದ ಗೆರೆಗಳೇ ಉಳಿದವು. ಯಾವ ಉತ್ತರ ಯಾವ ಪ್ರಶ್ನೆಯದ್ದು ಎಂಬ ಗುರುತು ದೋಣಿಯಿಂದ ಬರುತ್ತಿತ್ತು. ಗೆರೆ ಉದ್ದವಾಗುತ್ತದೆಂದು ನಾನು ಅದನ್ನು ಕತ್ತರಿಸಿ ಎಸೆಯುತ್ತಿದ್ದೆ.

ಇನ್ನು ಈಶ್ವರನ ವಿಷಯ. ನನಗಿಂತ ಚಿಕ್ಕವ, ನನ್ನ ಕುಚೇಷ್ಟೆಗಳ ಖಾಯಂ ಗಿರಾಕಿ, ಸಣ್ಣದೊಂದು ದೋಣಿಯ ಯಜಮಾನ. ಒಬ್ಬನೇ ಹೋಗುತ್ತಾನೆ, ಒಬ್ಬನೇ ಬರುತ್ತಾನೆ. ಅವನ ಬೆರಳು ದಪ್ಪ, ಮೊಬೈಲಿನ ಅಕ್ಷರ ಸಣ್ಣ. ಹಾಗಾಗಿ ಆ್ಯಪಿನಲ್ಲಿ ಅವನು ಬರೆಯುವುದು ಒಂದೇ ಮಾತು, "ಆತು." ಈ ಮಾತಿನ ಮಹಿಮೆ ಘಟ್ಟದ ಮೇಲಿನವರಿಗೆ ತಿಳಿಯದು. ನಮ್ಮಲ್ಲಿ ಮದುವೆಯೂ ಆತು, ಜಗಳವೂ ಆತು, ಡೀಸೆಲ್ ಖಾಲಿಯೂ ಆತು. ಬಾ ಅಂದರೆ ಆತು, ಹೋಗು ಅಂದರೂ ಆತು. ಒಪ್ಪಿಗೆ, ಮುಕ್ತಾಯ, ಸಮಾಧಾನ, ಬೇಸರ ಎಲ್ಲವನ್ನೂ ಈ ಒಂದೇ ಬುಟ್ಟಿಯಲ್ಲಿ ಹೊತ್ತು ನಾವು ಬದುಕಿದ್ದೇವೆ. ಎದುರಾಬದುರು ನಿಂತಿರುವಾಗ ತೊಂದರೆಯಿಲ್ಲ, ಮುಖ ನೋಡಿದರೆ ಅರ್ಥ ಗೊತ್ತಾಗುತ್ತದೆ. ಲಾಗಿಗೆ ಮುಖವಿಲ್ಲ.

ಮಳೆಗಾಲ ಮುಗಿದು ದೋಣಿಗಳು ಇಳಿದು ಸ್ವಲ್ಪ ದಿನವಾಗಿತ್ತು. ಒಂದು ಮಧ್ಯಾಹ್ನ ತೆಂಕಣ ದಿಕ್ಕಿನಲ್ಲಿ ಆಕಾಶ ಕಪ್ಪಗೆ ಗಂಟು ಹಾಕಿಕೊಂಡಿತು. ನೋಡನೋಡುತ್ತ ಗಾಳಿ ಎದ್ದು ನನ್ನ ಅಂಗಡಿಯ ಬೋರ್ಡನ್ನು ರಸ್ತೆಯ ಆಚೆ ಬದಿಗೆ ಒಯ್ದಿತು. ಉಳಿದ ದೋಣಿಗಳೆಲ್ಲ ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಒಳಗೆ ಬಂದವು. ಈಶ್ವರನದು ಬರಲಿಲ್ಲ. ಫೋನು ಹತ್ತುತ್ತಿಲ್ಲ. ಅವನ ಹೆಂಡತಿ ಪದ್ದಕ್ಕ ನಸುಕಿನಿಂದ ಕುಮಟೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದವಳು, ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಒದ್ದೆ ಸೀರೆಯಲ್ಲೇ ಅಂಗಡಿ ಹತ್ತಿದಳು.

"ಅಣ್ಣಾ, ನಿಮ್ ಮಿಷನ್ನಲ್ಲಿ ಎಂತ ಬಂದದೆ?"

ಸುಮಂಗಲಾ ಮಾಳಿಗೆಯಿಂದ ಓಡಿಬಂದು ಲಾಗ್ ತೆರೆದಳು. ಕೊನೆಯಲ್ಲಿ ಮೂರು ಗೆರೆಗಳಿದ್ದವು. ಮೊದಲನೆಯದು, ಗಾಳಿ ಬರುತ್ತಿದೆ, ಕೂಡಲೇ ತಿರುಗಿ ಬನ್ನಿ ಎಂಬ ಎಚ್ಚರಿಕೆ. ಎರಡನೆಯದು, ಪದ್ದಕ್ಕ ಪೇಟೆಯಿಂದಲೇ ಕೇಳಿದ್ದು: "ಊಟ ಆತಾ?" ಮೂರನೆಯದು, ಈಶ್ವರನಿಂದ: "ಆತು."

ನೀವೇ ಹೇಳಿ, ಅದು ಯಾವುದಕ್ಕೆ ಆತು? ಎಚ್ಚರಿಕೆಗೆ ಆದರೆ ಮನುಷ್ಯ ಗಾಳಿಗೆ ಮುಂಚೆಯೇ ತಿರುಗಿದ್ದಾನೆ, ಎಲ್ಲೋ ಆಸರೆ ಹಿಡಿದಿದ್ದಾನೆ. ಊಟಕ್ಕೆ ಆದರೆ ಅವನು ಹೊಟ್ಟೆ ತುಂಬಿಸಿಕೊಂಡು, ಏನೂ ತಿಳಿಯದೆ, ನಡುಗಡಲಿನಲ್ಲಿ ಬಲೆ ಬಿಡುತ್ತಿದ್ದಾನೆ.

"ಗುರುತು ಬಂದಿತ್ತು ದೊಡ್ಡಪ್ಪಾ. ನೀವು ಇಟ್ಕಂಡ್ಲಿಲ್ಲ" ಅಂದಳು ಸುಮಂಗಲಾ, ಪರದೆಯಿಂದ ಕಣ್ಣು ತೆಗೆಯದೆ. ಬೈದಿದ್ದರೆ ಚೆನ್ನಾಗಿತ್ತು.

ಪದ್ದಕ್ಕ ನಮ್ಮಿಬ್ಬರ ಮುಖ ನೋಡಿದಳು. ನಾನು ಅಂಜುವ ಪೈಕಿಯೇ? ಕೂಡಲೇ ಒಂದು ಜೋಕು ಹಾರಿಸಿದೆ. "ಪದ್ದಕ್ಕಾ, ನಿನ್ ಗಂಡನ್ನ ಕಂಡ್ರೆ ಸಮುದ್ರಕ್ಕೂ ಹೆದ್ರಿಕೆ. ಒಳಗೆ ಕರ್ಕಂಡ್ರೆ ಬೀಡಿ ಕೇಳ್ತಾ ಅಂತ." ಅಂಥ ಹೊತ್ತಿನಲ್ಲೂ ಪದ್ದಕ್ಕ ನಕ್ಕಳು.

ಅಘನಾಶಿನಿಯ ದೋಣಿಯವರಿಗೆ ವಿಷಯ ಮುಟ್ಟಿಸಿ, ದಕ್ಷಿಣದ ಬಂದರುಗಳಿಗೆ ಫೋನು ಮಾಡಲು ಕೂತೆ. ಜೀವಮಾನವಿಡೀ ಊರನ್ನು ನಗಿಸಿದ ಮನುಷ್ಯ ಒಮ್ಮೆ ನಿಜ ಹೇಳಹೊರಟರೆ ಏನಾಗುತ್ತದೆಂದು ಆಗ ಗೊತ್ತಾಯಿತು. ಹೊನ್ನಾವರದ ಬಂದರಿನಲ್ಲಿ ಫೋನೆತ್ತಿದವನು, "ರೇಡಿಯೋ ಅಣ್ಣ ಅಲ್ದಾ? ಹೋಗ್ ಹೋಗು, ಮಂಗ ಮಾಡೂಕೆ ಬ್ಯಾರೆ ಯಾರಾದ್ರೂ ಸಿಕ್ತ್ರು" ಅಂತ ಇಟ್ಟೇಬಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಭಟ್ಕಳದಲ್ಲಿ ಐಸ್ ವ್ಯಾಪಾರ ಮಾಡುವ ಖಾದರ್ ನನ್ನ ಹಳೆಯ ದೋಸ್ತ.

"ಅರೇ ಭಾಯ್, ಈ ಸಲ ಎಂತ? ಸಮುದ್ರದಲ್ಲಿ ಐಸ್ ಸಿಕ್ಕಿತಾ?" ಅಂದ.

"ಖಾದರ್, ಈಶ್ವರನ ದೋಣಿ ಬರ್ಲಿಲ್ಲ. ಅಲ್ಲಿಗೆ ಬಂದದ್ಯಾ ನೋಡು."

ಅವನು ನಕ್ಕ. ನಗು ಅರ್ಧಕ್ಕೆ ನಿಂತಿತು. "ನಿಮ್ಮ ಸ್ವರ ಎಂತ ಹೀಗಾಗಿದೆ? ತಡೀರಿ, ನೋಡ್ತೇನೆ." ಸ್ವಲ್ಪ ಹೊತ್ತಿಗೆ ಅವನೇ ಫೋನು ಮಾಡಿದ. "ಇಲ್ಲಿ ಇಲ್ಲ ಭಾಯ್. ಹೊನ್ನಾವರದವರಿಗೆ ನಾನೇ ಹೇಳ್ತೇನೆ. ನಿಮ್ಮನ್ನ ಅವರು ನಂಬೂದಿಲ್ಲ."

ಮತ್ತೆ ಕಾದೆವು. ಚಿಂತೆಯೂ ಒಂದು ಲಾಗ್ ಬರೆಯುತ್ತದೆ ಸ್ವಾಮಿ, ಅದೂ ಗೆರೆಗೆರೆಯಾಗಿ, ಜೇಬಿಲ್ಲದೆ. ದೋಣಿಯ ಹಳೇ ಎಂಜಿನ್ನು, ಅಳಿವೆಯ ಮರಳದಿಬ್ಬ, ಈಶ್ವರ ಹೋದವಾರ ಕೆಮ್ಮುತ್ತಿದ್ದದ್ದು, ನಾನು ಅವನಿಗೆ ಕೊಡುತ್ತೇನೆಂದ ಟಾರ್ಚು, ಎಲ್ಲ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಯಾವುದು ಮಾಹಿತಿ, ಯಾವುದು ಎಚ್ಚರಿಕೆ, ಯಾವುದು ಬರೀ ಗಾಳಿಯ ಸದ್ದು ಎಂದು ಬಿಡಿಸಲಾಗುವುದಿಲ್ಲ. ಪದ್ದಕ್ಕ ಪರದೆಯ ಮೇಲಿನ ಆ ಎರಡಕ್ಷರವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ನೋಡುವ ಹಾಗೆ.

ಗಾಳಿ ಇಳಿದು ಬೆಳಕು ಹಳದಿಯಾಗುವ ಹೊತ್ತಿಗೆ ಹೊನ್ನಾವರದ ಬಸ್ಸು ಬಂತು. ಅದರಿಂದ ಈಶ್ವರ ಇಳಿದ. ಮೈಯೆಲ್ಲ ಒಣಗಿತ್ತು. ಬಾಯಲ್ಲಿ ಕವಳ ಬೇರೆ.

"ಎಂತ ಎಲ್ಲಾ ಹೀಗ್ ನಿಂತದ್ದು? ಬಂದರಿನವರು ನನ್ನ ಹೋಟ್ಲಿಂದ ಎಬ್ಸಿ ಬಸ್ಸಿಗೆ ಹತ್ಸಿದ್ರು."

"ಆತು ಅಂದದ್ದು ಯಾವುದಕ್ಕೆ ಮಾರಾಯಾ? ಎಚ್ಚರಿಕೆಗಾ, ಊಟಕ್ಕಾ?" ಅಂದೆ ನಾನು.

"ಯಾವ್ ಎಚ್ಚರಿಕೆ?" ಅಂದ. ಆಮೇಲೆ ಹೆಂಡತಿಯ ಕಡೆ ನೋಡಿ ಸ್ವರ ಇಳಿಸಿದ. "ಊಟಕ್ಕೇ. ಆದ್ರೆ ಊಟ ಆಗಿರ್ಲಿಲ್ಲ. ಬುತ್ತಿ ಮನೇಲೇ ಮರ್ತಿದ್ದೆ. ಹೇಳಿದ್ರೆ ನೀ ಬೈತೆ ಅಂತ ಆತು ಅಂದೆ. ಹೊಟ್ಟೆ ತಡೀಲಿಲ್ಲ, ದೋಣಿನ ಹೊನ್ನಾವರದ ಹೊಳೆಗೆ ಹೊಗ್ಸಿ ಹೋಟ್ಲಿಗೆ ಹೋದೆ. ಕೂತು ಉಣ್ತಾ ಇದ್ದಾಂಗೇ ಗಾಳಿ ಎದ್ದದ್ದು. ಫೋನು ಚಾರ್ಜು ಹೋಗಿತ್ತು."

ಪದ್ದಕ್ಕ ಖಾಲಿ ಬುಟ್ಟಿಯಿಂದ ಅವನ ಬೆನ್ನಿಗೆ ಬಾರಿಸಿದಳು. "ಸುಳ್ಳು ಬೊಗಳ್ತ್ಯಾ? ನಂಗೇ ಸುಳ್ಳು ಬೊಗಳ್ತ್ಯಾ?" ಅನ್ನುತ್ತ ಇನ್ನೊಂದು ಕೊಟ್ಟಳು. ಮೂರನೆಯದಕ್ಕೆ ಬುಟ್ಟಿ ಎತ್ತಿದವಳು ಹಾಗೇ ಅದನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಿಂತಳು.

ಈಗ ನಮ್ಮ ನಮೂದುಗಳೆಲ್ಲ ಆಬ್ಜೆಕ್ಟುಗಳು, ಒಂದೊಂದಕ್ಕೂ ಕವಳದ ಸಂಚಿಯಷ್ಟು ಜೇಬುಗಳು. ಯಾವ ಪ್ರಶ್ನೆಗೆ ಉತ್ತರ ಎಂಬ ಜೇಬನ್ನು ನಾನೇ ಹೊಲಿದೆ. ಆದರೆ ವಿಚಿತ್ರ ನೋಡಿ, ಅವತ್ತು ಆ ಜೇಬು ಇದ್ದಿದ್ದರೆ "ಊಟಕ್ಕೆ" ಅಂತಲೇ ತೋರಿಸುತ್ತಿತ್ತು. ಪದ್ದಕ್ಕನ ಎದೆ ಅಲ್ಲೇ ಒಡೆಯುತ್ತಿತ್ತು. ಅಚ್ಚುಕಟ್ಟಾಗಿ ಮಡಚಿಟ್ಟ ಶುದ್ಧ ಸುಳ್ಳು! ಅದಕ್ಕೇ ಸುಮಂಗಲಾಗೆ ಹೇಳಿದೆ, "ನಿಜವೋ ಸುಳ್ಳೋ ಅಂತ ಇನ್ನೊಂದು ಜೇಬು ಇಡುವ."

"ಅದನ್ನ ಯಾರು ತುಂಬ್ತ್ರು ದೊಡ್ಡಪ್ಪಾ?" ಅಂದಳು.

ಈ ಬರಹದ ಮಟ್ಟಿಗೆ ಅದನ್ನು ನಾನೇ ತುಂಬುತ್ತೇನೆ. ಇದರಲ್ಲಿ ಸುಳ್ಳು ಒಂದೇ. ಯಾಣದ ಟೇಪು ನಿಜ, ಹೋಟೆಲಿನ ಊಟ ನಿಜ, ನನ್ನ ಪ್ರೋಗ್ರಾಮು ಖಂಡಿತ ನಿಜ. ಸಮುದ್ರಕ್ಕೆ ಹೆದರಿಕೆ ಅಂದ ಆ ಜೋಕು ಮಾತ್ರ ಸುಳ್ಳು. ನಾನು ಹೇಳಲಿಲ್ಲ, ಪದ್ದಕ್ಕ ನಗಲಿಲ್ಲ. ಅವಳು ಆಗ ನನ್ನನ್ನು ಕೇಳಿದ್ದು ಇಷ್ಟೇ: "ಅವ್ರು ಬತ್ರು ಅಲ್ದಾ ಅಣ್ಣಾ?" ಇಡೀ ತಾಲೂಕಿನಲ್ಲಿ ಮಾತಿಗೆ ಸೋಲದ ನನ್ನ ಬಾಯಿಂದ ಹೊರಟದ್ದು "ಆತು" ಒಂದೇ. ಯಾವುದಕ್ಕೆ ಅಂತ ನೀವು ಕೇಳಬೇಡಿ.