ಸಿದ್ದರಾಜು ಮರೆತ ಗೇಜು

ಸಿದ್ದರಾಜು ಬೋರ್ಡಿನ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡವನೇ ಅಲ್ಲ. ಹೂಟಗಳ್ಳಿಯ ನಮ್ಮ ಕಾರ್ಖಾನೆಯ ಟೂಲ್ ಸ್ಟೋರ್ಸಿನಲ್ಲಿ ಉಪಕರಣ ಬೇಕಾದವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು. ಬೋರ್ಡಿನಲ್ಲಿ ಉಪಕರಣ ಇದ್ದ ಮೊಳೆಗೆ ಸ್ಟೋರ್ ಕೀಪರ್ ಆ ಬಿಲ್ಲೆಯನ್ನು ತೂಗುಹಾಕಬೇಕು. ನಮ್ಮ ಸ್ಟೋರ್ ಕೀಪರ್ ಸಿದ್ದರಾಜು ತೂಗುಹಾಕುತ್ತಿದ್ದುದು ನಿಯಮಕ್ಕೆ ಮರ್ಯಾದೆ ಕೊಡಲು ಮಾತ್ರ. ಯಾವ ಡ್ರಿಲ್ ಯಾರ ಬಳಿ ಎಷ್ಟು ದಿನದಿಂದ ಇದೆ ಎಂಬುದೆಲ್ಲ ಆತನ ತಲೆಯಲ್ಲೇ ಇತ್ತು. "ಬೋರ್ಡು ಸುಳ್ ಹೇಳ್ಬೌದು ಕಣ್ರೀ, ಸಿದ್ದರಾಜು ಹೇಳಾಕಿಲ್ಲ" ಎನ್ನುತ್ತಿದ್ದ. ನಾವು ಆಫೀಸರುಗಳು ಮಾತ್ರ ಬಿಲ್ಲೆ ಕೊಡುತ್ತಿರಲಿಲ್ಲ. ದೊಡ್ಡವರು ಕೈ ಚಾಚಿದರೆ ಉಪಕರಣ ಬರಬೇಕು, ಅದು ನಮ್ಮ ಸಂಪ್ರದಾಯ.

ಬರಬರುತ್ತ ಆತ ಕಿಟಕಿಯಲ್ಲಿ ನಿಂತಲ್ಲೇ ಕಳೆದುಹೋಗತೊಡಗಿದ. ಟ್ಯಾಪ್ ಕೇಳಿದರೆ ರೀಮರ್ ಕೊಟ್ಟ. ಬೆಳಗಿನ ಪಾಳಿಗೆ ತೂರಾಡುತ್ತ ಬಂದ. ಕೊನೆಗೊಂದು ದಿನ, ರಂಧ್ರದ ಒಳ ಅಳತೆ ನೋಡುವ ಬೋರ್ ಗೇಜು ಕಾಣೆಯಾಯಿತು. ಅದರ ಮೊಳೆಯಲ್ಲಿ ಬಿಲ್ಲೆಯೂ ಇರಲಿಲ್ಲ. ಮೂವರು ಘನವಂತರ ವಿಚಾರಣಾ ಸಮಿತಿ ಕುಳಿತಿತು. ಆ ಘನವಂತರಲ್ಲಿ ನಾನೂ ಒಬ್ಬ. ಗೇಜು ಎಲ್ಲಿ ಎಂದರೆ ಜ್ಞಾಪಕ ಇಲ್ಲ ಅಂದ. ಕುಡೀತೀಯಾ ಎಂದರೆ ನೆಲ ನೋಡಿದ. ಆತ ಬೀಡಿಯನ್ನೂ ಮುಟ್ಟಿದವನಲ್ಲ ಎಂದು ನನಗೆ ಗೊತ್ತಿತ್ತು. ಆದರೂ 'ಮದ್ಯಪಾನದಿಂದ ಕರ್ತವ್ಯಲೋಪ' ಎಂಬ ಸಾಲಿನ ಕೆಳಗೆ ದುಂಡಗೆ ಸಹಿ ಹಾಕಿದೆ. ಇಪ್ಪತ್ತು ವರ್ಷದ ನೌಕರಿ ಊಟದ ಗಂಟೆಗೆ ಮುಂಚೆಯೇ ಮುಗಿಯಿತು.

ನಾನು ನಿವೃತ್ತನಾದ ಮೇಲೆ ಒಮ್ಮೆ ಸಿದ್ದರಾಜು ನನ್ನನ್ನು ಬೋಗಾದಿಯ ತನ್ನ ಬಾಡಿಗೆ ಮನೆಗೆ ಕರೆಸಿ, ಬಾಗಿಲು ಮುಂದೆ ಮಾಡಿ ಹೇಳಿದ. ಯಾವುದೋ ಹಳೇ ಅಪಘಾತದಲ್ಲಿ ರಕ್ತ ಹಾಕಿಸಿಕೊಂಡಿದ್ದನಂತೆ. ಅದರಲ್ಲೇ ಬಂತೋ ಏನೋ, ಎಚ್‌ಐವಿ. ಜೊತೆಗೆ ಲಿವರ್ ತಿನ್ನುವ ಹೆಪಟೈಟಿಸ್ ಸಿ. ಎಚ್‌ಐವಿಗೆಂದು ರಾತ್ರಿ ನುಂಗಿದ ಮಾತ್ರೆ ಬೆಳಿಗ್ಗೆ ತಲೆ ತಿರುಗಿಸುತ್ತಿತ್ತು. ತಲೆ ಮಂಕಾಗಿದೆ ಎಂದರೆ ಆಸ್ಪತ್ರೆಯವರು ರಿಪೋರ್ಟ್ ತೋರಿಸಿ, ವೈರಸ್ಸು ಹಿಡಿತದಲ್ಲಿದೆ, ಹೋಗಿ ಬಾ ಎನ್ನುತ್ತಿದ್ದರು. ಕಾಗದದ ಮೇಲೆ ಚೆನ್ನಾಗಿರುವವನಿಗೆ ತಲೆ ಯಾಕೆ ಬೇಕು? ವರ್ಷಗಳಾದ ಮೇಲೆ ಒಬ್ಬ ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರಂತೆ. ಈ ಎರಡು ಕಾಯಿಲೆಗಳೂ ಮಂಕು ಕವಿಸಬಹುದು, ಆ ಮಾತ್ರೆಯೂ ಕವಿಸಬಹುದು ಎಂದು ಮಾತ್ರೆ ಬದಲಿಸಿದರು; ಲಿವರಿಗೂ ಔಷಧ ಕೊಟ್ಟರು.

"ಮುಕ್ಕಾಲು ತಲೆ ವಾಪಸ್ ಬಂತು ಸಾರ್. ಕಾಲು ಬರ್ನಿಲ್ಲ."

ವಿಚಾರಣೆಯಲ್ಲೇ ಇದನ್ನು ಹೇಳುವುದಕ್ಕೆ ಏನಾಗಿತ್ತು ಎಂದು ರೇಗಿದೆ.

"ಕುಡುಕ ಅಂದ್ರೆ ಪಕ್ಕದಲ್ ಕೂರಿಸ್ಕಂಡು ಬುದ್ಧಿ ಹೇಳ್ತಾರೆ. ಇದ್ನ ಹೇಳಿದ್ರೆ ನನ್ ಲೋಟ ಬ್ಯಾರೆ ಇಡ್ತಿದ್ರಿ. ನೀವೂ ಅಷ್ಟೇಯ."

ಆತ ಕೊಟ್ಟಿದ್ದ ಕಾಫಿಯ ಲೋಟವನ್ನು ನಾನು ಇನ್ನೂ ಮುಟ್ಟಿರಲಿಲ್ಲ.

"ಕರ್ಸಿದ್ದು ಅದುಕ್ಕಲ್ಲ ಬುಡಿ. ಆ ಬೋರ್ ಗೇಜು ಈಗ ನೆಪ್ಪಾಯ್ತು. ನೀವೇ ಇಸ್ಕಂಡ್ ಹೋದ್ರಿ, ಬಿಲ್ಲೆ ಕೊಡ್ನಿಲ್ಲ. ಫೈಲಲ್ಲಿ ಕುಡುಕ ಅಂತ ಬರ್ದೈತಲ್ಲ, ಅದೊಂದ್ ಹೊಡ್ದಾಕ್ಸಿ ಸಾರ್."

ನಿವೃತ್ತಿಯ ದಿನ ಡ್ರಾಯರಿನಲ್ಲಿದ್ದುದನ್ನೆಲ್ಲ ಹಾಗೇ ಸುರಿದುಕೊಂಡು ತಂದಿದ್ದ ರಟ್ಟಿನ ಪೆಟ್ಟಿಗೆ ಮನೆಯಲ್ಲಿತ್ತು. ಗೇಜು ಅದರ ತಳದಲ್ಲಿತ್ತು. ನನ್ನ ಮರೆವಿಗೆ ಯಾರೂ ನನ್ನ ಬಾಯಿ ಮೂಸಿರಲಿಲ್ಲ. ಶಾಲು ಹೊದಿಸಿ ಕಳಿಸಿದ್ದರು.

ತಪ್ಪು ನನ್ನದು, ಆತ ಕುಡಿದವನಲ್ಲ, ನನ್ನ ಸಹಿ ಸುಳ್ಳು ಎಂದು ಬರೆದು, ಗೇಜಿನ ಜೊತೆ ಕಾರ್ಖಾನೆಗೆ ಒಪ್ಪಿಸಿದೆ. ಉತ್ತರ ಬರುವುದಕ್ಕೆ ಒಂದು ವಾರ ಮುಂಚೆ ಲಿವರು ಕೈಕೊಟ್ಟು ಸಿದ್ದರಾಜು ತೀರಿಕೊಂಡ.

ಉಪಕರಣವನ್ನು ಪ್ರಾಮಾಣಿಕವಾಗಿ ಹಿಂದಿರುಗಿಸಿದ್ದಕ್ಕಾಗಿ ಆಡಳಿತವರ್ಗ ನನಗೆ ಕೃತಜ್ಞತೆ ಸಲ್ಲಿಸಿತ್ತು. ಸಿದ್ದರಾಜುವಿನ ಹೆಸರು ಆ ಪತ್ರದಲ್ಲಿ ಎಲ್ಲೂ ಇರಲಿಲ್ಲ.