ಒಂದು ಮುಷ್ಟಿ ಹೆಚ್ಚಿಗೆ ಬೆಲ್ಲ

ಸಂಗನಬಸಪ್ಪನವರು ಇಪ್ಪತ್ತೆರಡು ವರ್ಷ ಬಿಯರ್ ಮಾರಿದರು, ಒಂದು ತೊಟ್ಟೂ ಕುಡಿಯಲಿಲ್ಲ. ಗಜೇಂದ್ರಗಡದ ಲಿಂಗಾಯತರ ಮನೆಯ ಈ ಮನುಷ್ಯ ಕಡಲಾಚೆ, ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಗ್ಯಾಸ್ ಸ್ಟೇಷನ್ನಿನಲ್ಲಿ ಅಂಗಡಿ ಇಟ್ಟು, ಗೋಡೆಯುದ್ದದ ಫ್ರಿಜ್ಜಿನಲ್ಲಿ ಬಾಟ್ಲಿ ಜೋಡಿಸಿ, ಮನೆಗೆ ಬಂದವರೇ ಸ್ನಾನ ಮಾಡಿ ಲಿಂಗಪೂಜೆಗೆ ಕೂಡುತ್ತಿದ್ದರು. ಇದರಲ್ಲಿ ಅವರಿಗೆ ಯಾವ ಇಕ್ಕಟ್ಟೂ ಕಾಣಲಿಲ್ಲ. ಹೆಂಡತಿ ಗುರವ್ವ ಹಾಕಿದ ಕಟ್ಟಳೆ ಒಂದೇ: ಅಂಗಡಿಯ ಬಾಟ್ಲಿ ಮನೆಯ ಹೊಸ್ತಿಲು ದಾಟಬಾರದು.

ಮೊಣಕಾಲು ಕೈಕೊಟ್ಟ ಮೇಲೆ, ಎರಡು ವರ್ಷದ ಹಿಂದೆ, ಅಂಗಡಿ ಮಾರಿದರು. ಮಗಳು ಪ್ರೇರಣಾಳ ಬಾಣಂತನಕ್ಕೆಂದು ಎರಡು ತಿಂಗಳ ಮಟ್ಟಿಗೆ ಅವಳೂರು ಫುಲ್‌ಶೀರ್‌ಗೆ ಹೋದ ಗುರವ್ವ, ಹುಟ್ಟಿದ್ದು ಅವಳಿಜವಳಿಯಾದದ್ದರಿಂದ ಹತ್ತು ತಿಂಗಳಾದರೂ ಬಂದಿರಲಿಲ್ಲ. ಇವರೂ ಹೋಗಿ ನೋಡಿದರು. ಅಲ್ಲಿ ಎಲ್ಲರಿಗೂ ಕೈತುಂಬ ಕೆಲಸ, ಇವರೊಬ್ಬರು ಮಾತ್ರ ಎಲ್ಲಿ ಕೂತರೂ ಯಾರದೋ ಕಾಲಿಗೆ ತೊಡರುವವರು. ಎಂಟನೇ ದಿನಕ್ಕೆ ವಾಪಸ್ ಬಂದರು. ಅವರ ಬದುಕಿನ ಮಾತೆಲ್ಲ ಅಂಗಡಿಯ ಕೌಂಟರಿನ ಮೇಲೇ ಆಗಿಹೋಗಿತ್ತು; ಮನೆಗೆ ಬರುವಂಥ ಒಬ್ಬ ಗೆಳೆಯನನ್ನು ಈ ಪುಣ್ಯಾತ್ಮರು ಸಂಪಾದಿಸಿಕೊಂಡಿರಲೇ ಇಲ್ಲ.

ಒಂದು ದಿನ ಔಷಧಿ ಅಂಗಡಿಯಲ್ಲಿ ರೇ ಸಿಕ್ಕ. ಶಾಲೆಯ ಬಸ್ ಓಡಿಸಿ ರಿಟೈರ್ ಆದವ. ವರ್ಷಗಟ್ಟಲೆ ದಿನಾ ಸಂಜೆ ಬಂದು ಒಂದೇ ಒಂದು ಬಾಟ್ಲಿ ಬಿಯರ್ ಕೊಂಡು, ಹತ್ತು ನಿಮಿಷ ಕೌಂಟರಿಗೆ ಒರಗಿ, ಬಿಸಿಲಿನದೋ ಬೇಸ್‌ಬಾಲಿನದೋ ಏನಾದರೊಂದು ಹೇಳಿ ಹೋಗುತ್ತಿದ್ದವ.

"ಹೊಸ ಓನರ್ ಮಾತೇ ಆಡಲ್ಲ, ಸ್ಯಾಮ್," ಎಂದ. ಅವನ ಬಾಯಲ್ಲಿ ಸಂಗನಬಸಪ್ಪ ಯಾವತ್ತೋ ಸ್ಯಾಮ್ ಆಗಿದ್ದರು.

ಇವರಿಗೆ ಏನನ್ನಿಸಿತೋ, "ಮನೆಗೆ ಬಾ, ಬಿಯರ್ ಕೊಡ್ತೀನಿ," ಎಂದುಬಿಟ್ಟರು. ರೇ ಒಂದು ಗಳಿಗೆ ಅವರ ಮುಖ ನೋಡಿ, ಯಾವತ್ತು ಅಂತ ಹೇಳು, ಬರುತ್ತೇನೆ ಎಂದ.

ಹೇಳಿದ್ದೇನೋ ಆಯಿತು, ಹೊಸ್ತಿಲಿನ ಗತಿ? ಗುರವ್ವನಿಗೆ ಫೋನ್ ಮಾಡಿದರು.

"ಅಂಗಡೀದು ತರಬ್ಯಾಡ್ರಿ ಅಂದಿದ್ದಿ, ಖರೆ. ಮನ್ಯಾಗ ಮಾಡಿದ್ರ?"

"ಯಾರಿಗ್ರಿ?"

"ರೇಗ. ನಮ್ಮನಿಗೆ ಬರ್ತೀನಿ ಅಂದಾನ."

ಗಂಡನನ್ನು ನೋಡಲು ಯಾರೋ ಬರುತ್ತಾರೆಂಬುದು ಗುರವ್ವನಿಗೂ ಹೊಸ ಸುದ್ದಿ. "ಮಾಡ್ರಿ. ಆದ್ರ ನನ್ನ ಹೂರಣದ ಬೋಗೋಣಿ ಮುಟ್ಟಿದ್ರ ನೋಡ್ರಿ ಮತ್ತ!"

ಆಸ್ಟಿನ್ನಿನ ಅಂಗಡಿಯೊಂದರಿಂದ ಸಾಮಾನು ತಂದರು. ಮೊಳೆತ ಜವೆಗೋಧಿಯ ಗಟ್ಟಿ ಪಾಕ, ಕಹಿಗೆ ಹಾಕುವ ಒಣ ಹೂವಿನ ಉಂಡೆ, ಈಸ್ಟಿನ ಪೊಟ್ಟಣ, ಮುಚ್ಚಳಕ್ಕೆ ನಳಿಗೆಯಿದ್ದ ಒಂದು ಬಕೆಟ್. ಹೊಸ ಪಾತ್ರೆಯಲ್ಲಿ ಒಂದು ತಾಸು ಕುದಿಸಿ, ಆರಿಸಿ, ಹಾಲಿಗೆ ಹೆಪ್ಪು ಹಾಕುವ ಹಾಗೆ ಈಸ್ಟ್ ಹಾಕಿ ಮುಚ್ಚಿಟ್ಟರು. ಮರುದಿನದಿಂದ ನಳಿಗೆ ಗುಳುಕ್ ಗುಳುಕ್ ಎನ್ನತೊಡಗಿತು. ಸಂಗನಬಸಪ್ಪನವರು ಕುರ್ಚಿಯನ್ನು ಬಕೆಟ್ಟಿನ ಪಕ್ಕಕ್ಕೇ ಎಳೆದುಕೊಂಡು ಊಟ ಮಾಡಿದರು. ಮನೆಯಲ್ಲಿ ಇನ್ನೊಂದು ಜೀವ ಉಸಿರಾಡುತ್ತಿದೆ ಎನ್ನಿಸಿ ಅವರಿಗೆ ಸುಖವಾಗಿತ್ತು, ಅಷ್ಟಕ್ಕೇ ಸುಖವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಎರಡು ವಾರಕ್ಕೆ ಸದ್ದು ನಿಂತಿತು. ಈಗ ರುಚಿ ನೋಡಿ, ಬಾಟ್ಲಿಗೆ ತುಂಬುವ ಮೊದಲು ಅಳೆದು ಸಕ್ಕರೆ ಹಾಕಿ, ಅದರಿಂದ ಗ್ಯಾಸು ಕಟ್ಟಿ ನೊರೆ ಏಳುತ್ತದೆ ಎಂದು ಸಾಮಾನಿನ ಜೊತೆ ಬಂದ ಕಾಗದದಲ್ಲಿ ಬರೆದಿತ್ತು. ರುಚಿ ನೋಡುವ ಮಾತೇ ಇಲ್ಲ, ಬರುವವನಿಗೆ ಮಾಡಿದ್ದು ಎಂಜಲಾಗುತ್ತದೆ. ಮೂಗಿನಲ್ಲೇ ಪರೀಕ್ಷೆ ಮುಗಿಸಿದರು. ಸಕ್ಕರೆಯ ಬದಲು ಬೆಲ್ಲ ತೆಗೆದುಕೊಂಡು, ಹೇಳಿದಷ್ಟೇ ತೂಗಿದರು. ತೂಗಿದ್ದನ್ನು ನೋಡಿ ಕೈ ತಡೆಯಿತು. ಅಳೆದು ಕೊಟ್ಟರೆ ಅದು ಅಂಗಡಿ, ಮನೆಯಲ್ಲ. ಇನ್ನೊಂದು ಮುಷ್ಟಿ ಹಾಕಿದರು. ನಲವತ್ತೆಂಟು ಬಾಟ್ಲಿ ತುಂಬಿ ಬಚ್ಚಲಿನ ಪಕ್ಕದ ಕಪಾಟಿನಲ್ಲಿಟ್ಟು, ರೇಗೆ ಫೋನ್ ಮಾಡಿ ಎರಡು ವಾರದಾಚೆಯ ಶನಿವಾರ ಗೊತ್ತು ಮಾಡಿದರು.

ಹತ್ತನೇ ದಿನ ಮಧ್ಯಾಹ್ನ ಕಪಾಟಿನಲ್ಲಿ ಢಂ ಎಂದಿತು. ಆಮೇಲೆ ಇನ್ನೊಂದು. ಇಳಿಹೊತ್ತಿಗೆ ಹದಿನಾಲ್ಕು ಬಾಟ್ಲಿ ಚೂರುಚೂರು, ಬೆಲ್ಲದ ಬಿಯರ್ ಕಾರ್ಪೆಟ್ಟಿನುದ್ದ ಹರಿದಿತ್ತು. ಕೊಡಲು ಏನೂ ಉಳಿಯದಿದ್ದರೆ ರೇ ಬಂದು ಏನು ಮಾಡಿಯಾನು? ಆ ಹೆದರಿಕೆಯಲ್ಲಿ ಅವರು ಕಂಬಳಿ ಹೊದ್ದು, ಮುಖಕ್ಕೆ ಜರಡಿ ಹಿಡಿದು, ಉಳಿದವನ್ನು ಒಂದೊಂದಾಗಿ ಫ್ರಿಜ್ಜಿಗೆ ಸಾಗಿಸಿದರು.

ಶನಿವಾರ ರೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮೊದಲ ಬಾಟ್ಲಿ ಸೂರಿಗೆ ಚಿಮ್ಮಿತು, ಎರಡನೆಯದು ಅವನ ಅಂಗಿಗೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂರನೆಯದರಲ್ಲಿ ಅರ್ಧ ಗ್ಲಾಸ್ ಸಿಕ್ಕಿತು. ಅದನ್ನು ಎರಡೂ ಕೈಯಲ್ಲಿ ಕೊಟ್ಟು ಸಂಗನಬಸಪ್ಪನವರು ಎದುರಿಗೇ ನಿಂತರು.

ರೇ ಗ್ಲಾಸನ್ನು ಮೇಜಿನ ಮೇಲಿಟ್ಟ. "ಸ್ಯಾಮ್, ನಾನು ಕುಡಿಯೋದು ಬಿಟ್ಟು ಒಂಬತ್ತು ವರ್ಷ ಆಯ್ತು."

"ದಿನಾ ತಗೊಂಡು ಹೋಗ್ತಿದ್ದೆಯಲ್ಲ?"

"ಸುಮ್ಮನೆ ಬಂದು ನಿಂತರೆ ನೀನು ಏನಂದ್ಕೋತೀಯೋ ಅಂತ. ಪಕ್ಕದ ಮನೆಯವನಿಗೆ ಕೊಡ್ತಿದ್ದೆ."

ಸಂಗನಬಸಪ್ಪನವರು ಕೂತರು. ಏಳು ವರ್ಷ, ಮಾರಿದವನೂ ಕುಡಿಯದ, ಕೊಂಡವನೂ ಕುಡಿಯದ ಬಿಯರ್! ಆಮೇಲಿನ ಎರಡು ವರ್ಷ ಅದೂ ಇಲ್ಲದೆ, ಎರಡೇ ಮೈಲಿ ದೂರದಲ್ಲಿ, ಇಬ್ಬರೂ ಗೆಳೆಯರಿಲ್ಲದೆ ಕೂತಿದ್ದರು.

"ಹೇಳಿ ಹೋಗೋಣ ಅಂತಲೂ ಬಂದೆ," ಎಂದ ರೇ. "ಮಂಗಳವಾರ ಡಲ್ಲಾಸ್‌ಗೆ ಶಿಫ್ಟ್ ಆಗ್ತಿದೀನಿ, ತಂಗಿ ಮನೆಗೆ. ಇನ್ನು ಒಬ್ಬನೇ ಇರೋಕೆ ಆಗಲ್ಲ."

ನಡುವೆ ಎರಡು ದಿನ ಉಳಿದಿತ್ತು. ಸಂಗನಬಸಪ್ಪನವರು ಗ್ಲಾಸನ್ನು ಪಕ್ಕಕ್ಕೆ ಸರಿಸಿದರು.

"ನಾಳೆ ಬಾ," ಎಂದರು. "ಕೊಡೋಕೆ ಏನೂ ಇರಲ್ಲ. ಸುಮ್ಮನೆ ಬಾ."