ಇಣುಕಿ ಕೆಡಿಸಿದ ಕಲ್ಲಿದ್ದಲು

ಮೊನ್ನೆ ಲಿಂಗಂಪಲ್ಲಿಯ ನಮ್ಮ ಓಣಿಗೆ ಡಾಂಬರು ಹಾಕಿದರು. ಮನೆಯವರು ಕಿಟಕಿ ಮುಚ್ಚಿಕೊಂಡರೆ ನಾನು ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಆ ವಾಸನೆಗೆ ನಮ್ಮ ಮೇಡಂ ನೆನಪಾದರು...

ಮೆಟ್ರಿಕ್ ಮುಗಿಸಿದ ನಾನು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದೆ. ಮೇಡಂ ಅಲ್ಲಿಯ ವಿಜ್ಞಾನಿ, ಧಾರವಾಡದವರು. ಉಕ್ಕಿನ ಕಾರ್ಖಾನೆಗೆ ಬೇಕಾದ ಕಲ್ಲಿದ್ದಲು ಕಾಯಿಸಿದಾಗ ಕರಗಿ ಒಂದೇ ಗಟ್ಟಿಯಾಗಬೇಕು. ಇಲ್ಲಿಯದು ಪುಡಿಯಾಗಿಯೇ ಉಳಿಯುತ್ತದೆ. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲು ತೆಗೆದ ಮೇಲೆ ಉಳಿಯುವ, ಡಾಂಬರಿನಂಥ ಕರಿ ಗಸಿಯನ್ನು ಗಾಳಿ ತಾಗದಂತೆ ಕಾಯಿಸಿ, ಆ ಪುಡಿಯನ್ನು ಬೆಸೆಯುವಂಥ ಕಲ್ಲಿದ್ದಲು ಮಾಡಬೇಕೆಂಬುದು ಅವರ ಹಟ.

ಪ್ರತಿ ಸಲವೂ ಕೆಡುತ್ತಿತ್ತು. ಕೆಡಿಸುತ್ತಿದ್ದವನು ನಾನು. ಮೇಡಂ ಊಟಕ್ಕೆ ಹೋದೊಡನೆ ಒಳಗೇನಾಯಿತೆಂದು ಕುಲುಮೆಯ ಮುಚ್ಚಳದ ತಿರುಪು ಸಡಿಲಿಸಿ ಇಣುಕುತ್ತಿದ್ದೆ. ಗಾಳಿ ಹೊಕ್ಕು ಒಳಗಿನದು ಸುಟ್ಟು ಕಿಟ್ಟವಾಗುತ್ತಿತ್ತು. ಇನ್ನೊಂದು ಸಲ ನೋಡಿ, ಆಗಲೂ ಕೆಟ್ಟರೆ ಕೆಲಸ ನಿಲ್ಲಿಸುವುದೆಂದು ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರು ಹೇಳಿದರು. ತಮ್ಮ ಲೆಕ್ಕವೇ ತಪ್ಪಿರಬೇಕೆಂದು ಮೇಡಂ ಎಲ್ಲರೆದುರು ತಲೆ ತಗ್ಗಿಸಿದರು. ಸಂಜೆ ಅವರೊಬ್ಬರಿಗೇ ನಿಜ ಹೇಳಿದೆ.

ಮೇಡಂ, "ಅಲ್ಲೋ ತಮ್ಮಾ, ಇದನ್ನೇನ ಬ್ಯಾಳಿ ಗಡಗಿ ಅಂತ ತಿಳದೀ?" ಎಂದರು.

"ಮನ್ಯಾಗೂ ಹಂಗs ಮಾಡ್ತೀನ್ರಿ ಮೇಡಂ."

"ನಿನ್ನ ಹೇಣ್ತಿ ದೊಡ್ಡಾಕಿ ಬಿಡು, ತಾಳ್ಕೊಂಡಾಳ."

ಮರುದಿನ ಕುಲುಮೆ ಹೊತ್ತಿಸಿದ ಮೇಲೆ ನನ್ನನ್ನು ಬಾಗಿಲಾಚೆ ಕೂರಿಸಿ, ಮಡಿಲಿಗೆ ಒಂದು ಚೀಲ ಶೇಂಗಾ ಹಾಕಿದರು. "ಸುಲಿ. ಎರಡೂ ಕೈಗೆ ಕೆಲಸ ಇರ್ಲಿ."

ಆರಿದ ಮೇಲೆ ತೆಗೆದರೆ ಒಳಗೆ ಕರಿ ಗಾಜಿನಂತೆ ಹೊಳೆಯುವ ಗಟ್ಟಿ! ಕುಟ್ಟಿ, ಇಲ್ಲಿಯ ಕಲ್ಲಿದ್ದಲಿನ ಪುಡಿಗೆ ಬೆರೆಸಿ ಮುಚ್ಚಿದ ಸಣ್ಣ ಮೂಸೆಯಲ್ಲಿ ಕಾಯಿಸಿದೆವು. ಪುಡಿ ಕೂಡಿಕೊಂಡು ಪೂರಿಯಂತೆ ಉಬ್ಬಿತ್ತು. ಮೇಡಂ ಅದನ್ನು ಮೇಜಿಗೆ ಬಡಿದು, ಒಡೆಯದಿದ್ದಾಗ ಚಪ್ಪಾಳೆ ತಟ್ಟಿದರು. ಎಲ್ಲರೂ ಕರಿ ಕೈಯಲ್ಲೇ ಶೇಂಗಾ ತಿಂದೆವು. ಅಷ್ಟು ಸಂತೋಷದ ದಿನ ನನ್ನ ನೌಕರಿಯಲ್ಲಿ ಮತ್ತೊಂದಿಲ್ಲ...

"ಅಂತೂ ನಿಮ್ಮ ಲೆಕ್ಕ ಸರಿ ಮಾಡಿಕೊಂಡಿರಿ," ಎಂದರು ಸಾಹೇಬರು. ಮೇಡಂ ನನ್ನತ್ತ ನೋಡಿ, "ಹೌದ್ರಿ," ಎಂದು ನಕ್ಕರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ಗಚ್ಚಿಬೌಲಿಯ ಅವರ ಮನೆಗೆ ಹೋಗಿ ಮಗಳ ಮುಂದೆ ಎಲ್ಲ ಹೇಳಿದೆ. "ಅವ್ವ ಅದನ್ನ ಹೇಳಿ ಹೇಳಿ ನಗ್ತಿದ್ಲರಿ ಕಾಕಾ," ಎಂದು ಆಕೆಯೂ ನಕ್ಕಳು. ಥೇಟ್ ತಾಯಿಯ ನಗು. ನಾನೂ ನಕ್ಕೆ. ನಾನು ಯಾರ ಕ್ಷಮೆ ಕೇಳಬೇಕಿತ್ತೋ ಅವರು ಮಾತ್ರ ಅಲ್ಲಿರಲಿಲ್ಲ.